ಅಜ್ಜೀರಿಗೆ ಪರೀಕ್ಷೆ ಮಾಡ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರು ಹುಡುಗರಿಗೆ ಪರೀಕ್ಷೆ ಮಾಡ್ತಿರಲಿಲ್ಲ. ಹುಡುಗರ ಅಜ್ಜೀರಿಗೆ ಮಾಡ್ತಿದ್ರು.

ತಮಾಷೆಗೆ ಹೇಳ್ತಿಲ್ಲ. ಸ್ಕೂಲಲ್ಲಿ ಒಂದು ಪಾಠ ಮುಗೀತು ಅಂತ ಇಟ್ಕೊಳ್ಳಿ. ಬೇರೆ ಮೇಷ್ಟ್ರಾಗಿದ್ರೆ ಸ್ಲೇಟು ತೆಗೀರೋ, ಬರೀರೋ ಅಂತಿದ್ರು. ಇವರು "ಮನೇಗೆ ಹೋಗಿ ಹೇಳ್ಕೊಡಿ" ಅಂತಿದ್ರು. ಯಾರಿಗೆ? ಓದು ಬರದೇ ಇರೋರು ಯಾರಿದ್ರೂ ಸರಿ. ಅಜ್ಜಿ, ತಾಯಿ, ಚಿಕ್ಕಮ್ಮ. ಆಮೇಲೆ ಸಂಜೆ ಹೊತ್ತು ಇವರು ಮನೆ ಮನೆಗೆ ಬಂದು ಆ ಹೆಂಗಸರನ್ನ ಕೇಳ್ತಿದ್ರು. ಅವರಿಗೆ ತಿಳಿದಿದ್ರೆ ಹುಡುಗಂಗೆ ಬಂದಿದೆ ಅಂತ ಲೆಕ್ಕ. ಅವರಿಗೆ ತಿಳೀದಿದ್ರೆ ಹುಡುಗಂಗೂ ಇಲ್ಲ.

ಅವರು ಈಗ ಇಲ್ಲ. ಸತ್ತೋದ್ರು. ಅದಕ್ಕೇ ಬರೀತಿದ್ದೀನಿ. ನಾನು ಓದಿರೋದು ಎಂಟನೇ ಕ್ಲಾಸು, ಅದೂ ಫೇಲು. ತಪ್ಪಿದ್ರೆ ನೀವೇ ಸರಿ ಮಾಡ್ಕೊಳ್ಳಿ. ಹೆಸರು ಬರೆಯಲ್ಲ. ಮೇಷ್ಟ್ರು ಅಂದ್ರೆ ಸಾಕು, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಾಗುತ್ತೆ.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗೋ ರಸ್ತೆಯಿಂದ ಒಳಗೆ. ಬಸ್ಸಿಳಿದು ನಡೀಬೇಕು. ಮೇಷ್ಟ್ರು ಬಂದಾಗ ನಾನು ಆರನೇ ಕ್ಲಾಸು. ತೆಳ್ಳಗೆ, ಉದ್ದಕ್ಕೆ ಇದ್ರು. ಕಾಕಿ ಕೋಟು, ಅದರ ಜೇಬಿನ ತುಂಬ ಸೀಮೆಸುಣ್ಣದ ಚೂರು. ಕಿವಿ ಮೇಲೂ ಒಂದು ಚೂರು ಸಿಗಿಸ್ಕೊಂಡಿರೋರು, ಬೀಡಿ ಇಟ್ಕೊಂಡಂಗೆ. ಮದುವೆ ಆಗಿತ್ತಂತೆ, ಹೆಂಡ್ತಿ ಬೇಗ ತೀರ್ಕೊಂಡ್ಳಂತೆ. ಮಕ್ಕಳಿಲ್ಲ. ಇಷ್ಟೂ ಊರೋರು ಹೇಳಿದ್ದು. ಅವರ ಬಾಯಿಂದ ನಾನು ಕೇಳಿಲ್ಲ.

ಅವರು ಹರಿಜನರು. ಅದು ಅವರು ಬರೋಕ್ ಮುಂಚೇನೇ ಊರಿಗೆ ಗೊತ್ತಾಗಿತ್ತು. ಅಂಥ ಸುದ್ದಿ ಬಸ್ಸಿಗಿಂತ ಜೋರಾಗಿ ಬರುತ್ತೆ. ಸರ್ಕಾರ ಕಳಿಸಿದ ಮೇಲೆ ಯಾರೂ ಬೇಡ ಅನ್ನಂಗಿರಲಿಲ್ಲ. ಆದ್ರೆ ಮನೇನೂ ಯಾರೂ ಕೊಡಲಿಲ್ಲ. ಸ್ಕೂಲಿನ ಹಿಂದೆ ಬೆಂಚು, ಮುರಿದ ಬೋರ್ಡು ಹಾಕೋ ಕೋಣೆ ಒಂದಿತ್ತು. ಅದನ್ನ ಗುಡಿಸ್ಕೊಂಡು ಅಲ್ಲೇ ಇದ್ರು. ಒಂದು ಒಲೆ, ಒಂದು ಚಾಪೆ. ಬೆಳಿಗ್ಗೆ ನಾವು ಹೋಗೋ ಹೊತ್ತಿಗೆ ಹೊಗೆ ವಾಸನೆ ಕ್ಲಾಸಿಗೆಲ್ಲ ಬರ್ತಿತ್ತು.

ಮನೆಗೆ ಬಂದ್ರೆ ಒಳಗೆ ಬರ್ತಿರಲಿಲ್ಲ. ಜಗಲಿ ಮೇಲೂ ಕೂರ್ತಿರಲಿಲ್ಲ. ಅಂಗಳದಲ್ಲಿ ಕಲ್ಲುಚಪ್ಪಡಿ ಪಕ್ಕ ನಿಂತ್ಕೊಂಡು ಕೆಮ್ಮೋರು. ಆಮೇಲೆ "ಅವ್ವಾ, ಸ್ಕೂಲಿನೋನು ಬಂದಿದ್ದೀನಿ" ಅನ್ನೋರು. ಅವ್ವ ಅಂದ್ರೆ ನಮ್ಮಪ್ಪನ ತಾಯಿ. ಅವಳು ಬಾಗಿಲಲ್ಲಿ ಕೂತು ಉತ್ತರ ಹೇಳೋಳು. ಇವರು ಬಿಸಿಲಲ್ಲಿ ನಿಂತು ಕೇಳೋರು. ಪರೀಕ್ಷೆ ಮಾಡೋರು ನಿಂತು, ಬರೆಯೋರು ಕೂತು. ಹಂಗಿತ್ತು ನಮ್ಮ ಸ್ಕೂಲು.

ನಮ್ಮನೇಲಿ ತೆಲುಗು. ಅವ್ವಂಗೆ ಕನ್ನಡ ಅರ್ಥ ಆಗುತ್ತೆ, ಆದ್ರೆ ಪುಸ್ತಕದ ಕನ್ನಡ ಅಂದ್ರೆ ಅವಳಿಗೆ ಮಂತ್ರ ಇದ್ದಂಗೆ. "ಭೂಮಿಯು ಸೂರ್ಯನ ಸುತ್ತ ಪರಿಭ್ರಮಿಸುತ್ತದೆ" ಅಂತ ನಾನು ಗಿಳಿ ಥರ ಹೇಳಿದ್ರೆ "ಏನೋ ಅದು, ಬಾಯಲ್ಲಿ ಕಲ್ಲು ಇಟ್ಕೊಂಡಂಗೆ" ಅನ್ನೋಳು. ಅವಳಿಗೆ ಹೇಳಬೇಕಾದ್ರೆ ಪುಸ್ತಕ ಕೆಳಗಿಡಲೇಬೇಕು. ತೆಲುಗಲ್ಲಿ ಹೇಳಬೇಕು, ಮನೇಲಿರೋ ಸಾಮಾನು ಇಟ್ಕೊಂಡು ಹೇಳಬೇಕು. ಹಂಗೆ ಹೇಳಕ್ಕೆ ಹೋದಾಗ್ಲೇ ಗೊತ್ತಾಗ್ತಿದ್ದಿದ್ದು, ಅರೆ, ಇದು ನಂಗೇ ತಿಳಿದಿಲ್ವಲ್ಲ ಅಂತ.

ಗ್ರಹಣದ ಪಾಠ ಆದಾಗ ಬುಡ್ಡಿ ದೀಪ, ರಾಗಿ ಮುದ್ದೆ, ನಿಂಬೆಹಣ್ಣು ಇಟ್ಕೊಂಡು ಅವ್ವಂಗೆ ಹೇಳ್ಕೊಟ್ಟೆ. ಮಾರನೇ ದಿನ ಸಂಜೆ ಮೇಷ್ಟ್ರು ಬಂದ್ರು.

"ಅವ್ವಾ, ಗ್ರಹಣ ಹೆಂಗಾಗುತ್ತೆ?"

"ದೀಪ ಸೂರ್ಯ. ಮುದ್ದೆ ಭೂಮಿ. ನಿಂಬೆಹಣ್ಣು ಚಂದ್ರ. ನಿಂಬೆಹಣ್ಣು ಮಧ್ಯಕ್ಕೆ ಬಂದ್ರೆ ಸೂರ್ಯಂಗೆ ಗ್ರಹಣ. ಮುದ್ದೆ ಮಧ್ಯಕ್ಕೆ ಬಂದ್ರೆ ಚಂದ್ರಂಗೆ. ಏನು, ಸರಿನಾ ಅಯ್ಯೋರೆ?"

"ಸರಿ. ಮತ್ತೆ ರಾಹು ಕೇತು?"

"ಅವರೂ ಇದ್ದಾರೆ. ಆದ್ರೆ ಇದರಲ್ಲಿ ಇಲ್ಲ."

ಮೇಷ್ಟ್ರು ನಕ್ಕಿದ್ದು ನಾನು ನೋಡಿದ್ದು ಆವತ್ತೇ ಮೊದಲು. ಸದ್ದಿಲ್ಲದೆ ನಗೋರು, ಭುಜ ಮಾತ್ರ ಅಲ್ಲಾಡೋದು. ಆಮೇಲೆ ಅವ್ವ ತಿರುಗಿಸಿ ಕೇಳಿದ್ಲು. "ಚಂದ್ರ ತಿಂಗಳಿಗೊಂದು ಸುತ್ತು ಬರ್ತಾನೆ ಅಂತಾನೆ ಇವನು. ಹಂಗಿದ್ರೆ ತಿಂಗಳಿಗೊಂದು ಗ್ರಹಣ ಆಗಬೇಕಲ್ಲ? ಯಾಕಾಗಲ್ಲ?"

ಮೇಷ್ಟ್ರು ನನ್ನ ಕಡೆ ನೋಡಿದ್ರು. ನಾನು ನೆಲ ನೋಡ್ದೆ.

"ಅವ್ವ ಕೇಳಿದ್ದಕ್ಕೆ ನಿನ್ನ ಹತ್ರ ಉತ್ತರ ಇಲ್ಲ. ಅಂದ್ಮೇಲೆ ನಿಂಗೆ ಅರ್ಧ ಬಂದಿದೆ ಕಣೋ" ಅಂದ್ರು. ಬೈಲಿಲ್ಲ. ಅಲ್ಲೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಗೆರೆ ಎಳೆದು, ಚಂದ್ರ ಒಂದ್ಸಲ ಸ್ವಲ್ಪ ಮೇಲೆ ಹೋಗ್ತಾನೆ, ಒಂದ್ಸಲ ಸ್ವಲ್ಪ ಕೆಳಗೆ, ಅದಕ್ಕೇ ನೆಟ್ಟಗೆ ಸಿಗೋದು ಅಪರೂಪ ಅಂತ ತೋರಿಸಿದ್ರು. ನಂಗೂ ತೋರಿಸಿದ್ರು, ಅವ್ವಂಗೂ ತೋರಿಸಿದ್ರು. ಮುಂದೆ ಗ್ರಹಣ ಬಂದಾಗ ಅವ್ವ ಯಥಾಪ್ರಕಾರ ತಲೆಗೆ ನೀರು ಹುಯ್ಕೊಂಡ್ಳು. "ಗೊತ್ತಿರೋದು ಬೇರೆ, ಸ್ನಾನ ಬೇರೆ" ಅಂದ್ಲು.

ಅವರು ಮಾರ್ಕ್ಸು ಕೊಡ್ತಿರಲಿಲ್ಲ. ಮಾರ್ಕ್ಸು ಬರೆಯೋ ಜಾಗದಲ್ಲಿ ಮೂರೇ ಥರ ಬರೆಯೋರು. ಒಂದು, ಬರುತ್ತೆ. ಇನ್ನೊಂದು, ಅರ್ಧ ಬರುತ್ತೆ. ಏನೂ ಬರದಿದ್ದೋರ ಮುಂದೆ "ನಾನು ಸರಿಯಾಗಿ ಹೇಳಿಲ್ಲ" ಅಂತ ಬರೆಯೋರು. ನಾವು ಅದನ್ನ ಓದಿ ಮುಸಿ ಮುಸಿ ನಗ್ತಿದ್ವಿ. ದಡ್ಡರು ನಾವು, ಬೈಸ್ಕೊಳ್ಳೋದು ಅವರು.

ಒಬ್ಬ ಹುಡುಗಂಗೆ ಮನೇಲಿ ಯಾರೂ ಇರಲಿಲ್ಲ. ಅಪ್ಪ ಮಾತ್ರ, ಅವನು ಗಾಡಿ ಹೊಡ್ಕೊಂಡು ಚಿಂತಾಮಣಿ ಸಂತೆ, ಬಾಗೇಪಲ್ಲಿ ಸಂತೆ ಅಂತ ಹೋದ್ರೆ ಬರೋದು ಯಾವಾಗ್ಲೋ. ಅವನಿಗೆ ಮೇಷ್ಟ್ರು "ನಂಗೇ ಹೇಳ್ಕೊಡು. ನಾನು ಏನೂ ಗೊತ್ತಿಲ್ದೋನು" ಅನ್ನೋರು. ಅನ್ನೋದಲ್ಲ, ಹಂಗೇ ಆಗಿಬಿಡೋರು. ಬಾಯಿ ಬಿಟ್ಕೊಂಡು ಕೂರೋರು. "ಅಲ್ಲ ಸ್ವಾಮಿ, ಭಿನ್ನರಾಶಿ ಅಂದ್ರೆ ತಿನ್ನೋದಾ?" ಅಂತ ಕೇಳೋರು. ಆ ಹುಡುಗ ಬೆವರಿ, ಸಿಟ್ಟು ಬಂದು "ಎಷ್ಟು ಸಲ ಹೇಳದು ನಿಮಗೆ!" ಅಂತ ಮೇಷ್ಟ್ರಿಗೇ ಬೈದುಬಿಟ್ಟ. ಮೇಷ್ಟ್ರು "ತಪ್ಪಾಯ್ತು ಸ್ವಾಮಿ, ಇನ್ನೊಂದ್ಸಲ" ಅಂತ ಕೈ ಮುಗಿದ್ರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ತು.

ಪಟೇಲರ ಮನೆಗೆ ಮಾತ್ರ ಅವರು ಹೋಗ್ತಿರಲಿಲ್ಲ. ಹೋಗಿದ್ರಂತೆ ಒಂದ್ಸಲ. ಪಟೇಲರು "ನಮ್ಮನೆ ಹೆಂಗಸರನ್ನ ಪ್ರಶ್ನೆ ಕೇಳಕ್ಕೆ ನೀನ್ಯಾರಯ್ಯಾ?" ಅಂದಿದ್ರಂತೆ. ಅವರ ಮಗ ನಮ್ಮ ಕ್ಲಾಸೇ. ಅವನು ಹಟ್ಟಿ ಕೆಲಸದೋನಿಗೆ ಪಾಠ ಹೇಳ್ಕೊಡ್ತಿದ್ದ. ಮೇಷ್ಟ್ರು ಕೆರೆ ಏರಿ ಮೇಲೆ ಆ ಆಳನ್ನ ಹಿಡಿದು ಕೇಳೋರು. ಅವನು ದನ ಬಿಟ್ಕೊಂಡೇ ಉತ್ತರ ಹೇಳೋನು.

ಊರಲ್ಲಿ ಕೆಲವರು ಅಂತಿದ್ರು, ಇದೆಲ್ಲ ನೆಪ, ಒಂಟಿ ಮನುಷ್ಯ, ಸಂಜೆಗೆ ಹೊತ್ತು ಹೋಗಲ್ಲ, ಅದಕ್ಕೇ ಮನೆ ಮನೆ ಸುತ್ತುತಾನೆ ಅಂತ. ನಮ್ಮಪ್ಪನೂ ಅಂತಿದ್ದ. ನಂಗೂ ಆಗ ಹಂಗೇ ಅನ್ನಿಸ್ತಿತ್ತು. ಯಾಕಂದ್ರೆ ಪರೀಕ್ಷೆ ಮುಗಿದ ಮೇಲೂ ಅವರು ಬೇಗ ಹೋಗ್ತಿರಲಿಲ್ಲ. ಅವ್ವ ಚೊಂಬಿಂದ ನೀರು ಹುಯ್ಯೋಳು, ಮೇಲಿಂದ, ಅವರು ಬೊಗಸೇಲಿ ಹಿಡಿದು ಕುಡಿಯೋರು. ಕುಡಿದಾದ ಮೇಲೂ ನಿಂತೇ ಇರೋರು. ಮಳೆ ವಿಚಾರ, ರಾಗಿ ವಿಚಾರ, ಅವ್ವನ ಮೊಣಕಾಲು ನೋವಿನ ವಿಚಾರ. ಕತ್ತಲಾಗ್ತಾ ಬಂದಾಗ "ಬರ್ತೀನವ್ವ" ಅಂತ ಹೊರಡೋರು. ಹೊರಟೋರು ಗೇಟಿನ ಹತ್ರ ಮತ್ತೆ ಇನ್ನೊಂದು ಮಾತು.

ನೆಪವೂ ಇರಬೋದು, ನಿಜವೂ ಇರಬೋದು. ಎರಡೂ ಒಟ್ಟಿಗೆ ಇರಬಾರದು ಅಂತ ಎಲ್ಲಿದೆ? ನಮಗೆ ಯಾರ ಮನೆಗಾದ್ರೂ ಹೋಗಕ್ಕೆ ಕಾರಣ ಬೇಕಿರಲಿಲ್ಲ. ಅವರಿಗೆ ಬೇಕಿತ್ತು. ನಾಳೆ ಈ ಪರೀಕ್ಷೆ ನಿಂತೋದ್ರೆ ಒಂದು ಅಂಗಳದಲ್ಲೂ ನಿಲ್ಲಕ್ಕೆ ಅವರಿಗೆ ದಾರಿ ಇರಲಿಲ್ಲ. ಇದು ಅವರಿಗೆ ಗೊತ್ತಿತ್ತು.

ನಾವು ಏಳನೇ ಕ್ಲಾಸಲ್ಲಿದ್ದಾಗ ಇನ್ಸ್‌ಪೆಕ್ಟ್ರು ಬಂದ್ರು. ದಪ್ಪಗೆ, ಒಳ್ಳೆ ಮನುಷ್ಯ. ಸೈಕಲ್ಲು ತುಳ್ಕೊಂಡು ಬಂದು ಬೆವರು ಒರೆಸ್ಕೊಳ್ತಾ ಮಾರ್ಕ್ಸು ಕೇಳಿದ್ರು. ಮೇಷ್ಟ್ರು "ತೋರಿಸ್ತೀನಿ ಬನ್ನಿ ಸಾರ್" ಅಂತ ಅವರನ್ನ ನೆಟ್ಟಗೆ ನಮ್ಮನೆಗೆ ಕರ್ಕೊಂಡು ಬಂದ್ರು. ಇನ್ಸ್‌ಪೆಕ್ಟ್ರು ಜಗಲಿ ಮೇಲೆ ಕೂತ್ರು. ಮೇಷ್ಟ್ರು ಕೆಳಗೆ ನಿಂತ್ರು.

"ಅಜ್ಜಿ, ಮಳೆ ಹೆಂಗೆ ಬರುತ್ತೆ ಹೇಳಿ ನೋಡಣ" ಅಂದ್ರು ಇನ್ಸ್‌ಪೆಕ್ಟ್ರು.

ಅವ್ವ ಮೇಷ್ಟ್ರನ್ನ ನೋಡಿದ್ಲು. "ಯಾಕೆ, ಇವರಿಗೂ ಯಾರೂ ಹೇಳಿಲ್ವಾ?"

ಇನ್ಸ್‌ಪೆಕ್ಟ್ರು ಗೊಳ್ಳಂತ ನಕ್ರು. ಅವ್ವ ಅನ್ನದ ಮಡಕೆ, ಮುಚ್ಚಳ, ಮುಚ್ಚಳದ ಒಳಗೆ ಹನಿ, ಎಲ್ಲ ಹೇಳಿದ್ಲು. ಅವರು ಪೂರ್ತಿ ಕೇಳಿದ್ರು. ಮಜ್ಜಿಗೆ ಕುಡಿದ್ರು. ಆಮೇಲೆ ಮೇಷ್ಟ್ರ ಜೊತೆ ಸ್ಕೂಲಿನ ಕಡೆ ನಡೀತಾ ಹೇಳಿದ್ದು ನಾನು ಹಿಂದೆ ಬರ್ತಾ ಕೇಳಿಸ್ಕೊಂಡೆ.

"ಚೆನ್ನಾಗಿದೆ ಮೇಷ್ಟ್ರೆ. ಅಜ್ಜಿಗೆ ಬಂತು. ಹುಡುಗಂಗೆ ಎಷ್ಟು ಮಾರ್ಕ್ಸು?"

"ಹುಡುಗಂಗೆ ಬರದೆ ಅಜ್ಜಿಗೆ ಹೆಂಗೆ ಬಂತು ಸಾರ್?"

"ಅದು ನಂಗೊತ್ತು. ಆದ್ರೆ ನನ್ನ ಕೈಕೆಳಗೆ ಎಷ್ಟು ಊರಿದೆ ಗೊತ್ತಾ? ಅಷ್ಟೂ ಊರಿನ ಅಜ್ಜೀರನ್ನ ಕೇಳ್ತಾ ಕೂತ್ಕೊಂಡ್ರೆ ನಾನು ಮನೆಗೆ ಹೋಗೋದು ಯಾವಾಗ? ಎಂಟನೇ ಕ್ಲಾಸಿಗೆ ಸರ್ಕಾರದ ಪರೀಕ್ಷೆ ಇದೆ. ಅಲ್ಲಿ ಪೇಪರ್ ತಿದ್ದೋನು ಯಾರ ಮನೆ ಅಜ್ಜೀನೂ ಕೇಳಲ್ಲ. ಬರೆದಿದ್ದು ನೋಡ್ತಾನೆ, ಅಷ್ಟೇ. ಹುಷಾರು."

"ತಿಳಿದಿದ್ರೆ ಬರೀತಾರೆ ಸಾರ್. ತಿಳೀದಿದ್ರೆ ತಾನೆ ಕಷ್ಟ."

ಇನ್ಸ್‌ಪೆಕ್ಟ್ರು ಸೈಕಲ್ಲು ಹತ್ತಿದ್ರು.

ಮೇಷ್ಟ್ರು ಅಲ್ಲಿ ತಪ್ಪಿದ್ರು. ನಾನು ಅವರ ಶಿಷ್ಯ ಅಂತ ಇದನ್ನ ಮುಚ್ಚಿಡಲ್ಲ. ತಿಳಿಯೋದು ಬೇರೆ, ಬರೆಯೋದು ಬೇರೆ. ಅದು ನಮಗೆ ಶಿಡ್ಲಘಟ್ಟದಲ್ಲಿ ಗೊತ್ತಾಯ್ತು.

ಎಂಟನೇ ಕ್ಲಾಸಿನ ಆ ಸರ್ಕಾರಿ ಪರೀಕ್ಷೆ, ಎಲ್.ಎಸ್. ಅಂತಿದ್ರು ಆಗ, ಶಿಡ್ಲಘಟ್ಟದಲ್ಲಿ ನಡೀತು. ನಮ್ಮನ್ನೆಲ್ಲ ಗಾಡೀಲಿ ತುಂಬ್ಕೊಂಡು ಹೋದ್ರು. ಮೇಷ್ಟ್ರು ಗಾಡಿ ಪಕ್ಕ ನಡ್ಕೊಂಡೇ ಬಂದ್ರು. ದೊಡ್ಡ ಕೋಣೆ, ಒಂದೊಂದು ಬೆಂಚಿಗೆ ಒಬ್ಬೊಬ್ಬ. ಯಾರೋ ಕನ್ನಡಕದೋರು ಪೇಪರು ಹಂಚಿದ್ರು. ನೋಡಿದ್ರೆ ಮೊದಲನೇ ಪ್ರಶ್ನೇನೇ ಗ್ರಹಣ. "ಗ್ರಹಣ ಎಂದರೇನು? ವಿವರಿಸಿ."

ನಂಗೆ ಖುಷಿ ಆಗೋಯ್ತು. ಇದು ನಂಗೆ ಗೊತ್ತು! ಬರೆಯಕ್ಕೆ ಶುರು ಮಾಡ್ದೆ. ಹೆಂಗೆ ಬರೆಯೋದು? ನಂಗೆ ಗ್ರಹಣ ಗೊತ್ತಿದ್ದಿದ್ದು ಒಂದೇ ಥರ, ಅವ್ವಂಗೆ ಹೇಳೋ ಥರ. ಹಂಗೇ ಬರ್ದೆ. "ಅವ್ವಾ, ಆ ಬುಡ್ಡಿ ಇತ್ತ ತಾ. ಮುದ್ದೆ ಇಲ್ಲಿಡು. ಈಗ ನೋಡು" ಅಂತ ಶುರು ಮಾಡ್ದೆ. ಅವ್ವ ಮಧ್ಯದಲ್ಲಿ ಏನು ಕೇಳ್ತಾಳೋ ಅದನ್ನೂ ಬರ್ದೆ. ಅದಕ್ಕೆ ಉತ್ತರಾನೂ ಬರ್ದೆ. ತಿಂಗಳಿಗೊಂದು ಗ್ರಹಣ ಯಾಕಾಗಲ್ಲ ಅನ್ನೋದೂ ಬರ್ದೆ, ಯಾರೂ ಕೇಳದೇ ಇದ್ರೂ. ಕೈ ನೋಯ್ತಿತ್ತು. ಗಂಟೆ ಹೊಡೀತು. ಎರಡನೇ ಪ್ರಶ್ನೆ ನಾನು ಓದೇ ಇರಲಿಲ್ಲ.

ಹೊರಗೆ ಬಂದು ಕೇಳಿದ್ರೆ ಎಲ್ಲರ ಕಥೇನೂ ಅದೇ. ಒಬ್ಬ "ಅಮ್ಮಾ" ಅಂತ ಬರ್ದಿದ್ದ. ಗಾಡಿಯೋನ ಮಗ "ಸ್ವಾಮಿ, ಎಷ್ಟು ಸಲ ಹೇಳದು" ಅಂತ ಬರ್ದಿದ್ದ. ಪಟೇಲರ ಮಗ ಹಟ್ಟಿ ಆಳಿನ ಹೆಸರು ಕೂಗಿ ಬರ್ದಿದ್ದ, "ಲೋ, ದನ ಬಿಡೋ, ಇಲ್ಲಿ ಕೇಳು" ಅಂತ. ನಾವು ಗೇಟಿನ ಹತ್ರ ನಿಂತು ಒಬ್ಬರದ್ದು ಒಬ್ಬರು ಹೇಳ್ಕೊಂಡು ಹೊಟ್ಟೆ ಹಿಡ್ಕೊಂಡು ನಕ್ವಿ. ಮೇಷ್ಟ್ರೂ ಮೊದಲು ನಕ್ರು. ಭುಜ ಅಲ್ಲಾಡ್ತು. ಆಮೇಲೆ ನಿಂತೋಯ್ತು.

ಎಲ್ಲರೂ ಫೇಲು. ಒಬ್ಬನೂ ಬಿಡದಂಗೆ.

ಪಟೇಲರು ಸ್ಕೂಲಿನ ಮುಂದೆ ಊರೋರನ್ನ ಸೇರಿಸಿದ್ರು. ಅವರ ಮಗ ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗೋದು ನಿಂತಿತ್ತು. ಸಿಟ್ಟು ಬರದೆ ಇರುತ್ತಾ? ಆದ್ರೆ ಕೂಗಾಡಲಿಲ್ಲ. ಮೀಸೆ ಸವರ್ಕೊಂಡು ಹೇಳಿದ್ರು.

"ಏನಯ್ಯಾ ಮೇಷ್ಟ್ರೆ. ಮುದುಕೀರು ಪಾಸಾದ್ರು, ಹುಡುಗ್ರು ಫೇಲಾದ್ರು. ಈಗೇನು, ಮುದುಕೀರನ್ನ ಹೈಸ್ಕೂಲಿಗೆ ಕಳಿಸಣಾ?"

ಜನ ನಕ್ರು. ನಮ್ಮಪ್ಪನೂ ನಕ್ಕ. ಅಷ್ಟು ಜನದಲ್ಲಿ ಒಬ್ಬರಾದ್ರೂ, ಇಲ್ಲ ಪಟೇಲ್ರೆ, ಹುಡುಗರಿಗೆ ಬರುತ್ತೆ, ನಮ್ಮನೇಲಿ ಕೇಳಿದ್ದೀವಿ ಅಂತ ಹೇಳಬೋದಿತ್ತು. ಹೆಂಗಸರು ಯಾರೂ ಅಲ್ಲಿ ಬಂದಿರಲಿಲ್ಲ. ಬಂದಿದ್ರೆ ಅವರೇ ಹೇಳ್ತಿದ್ರು.

ಮೇಷ್ಟ್ರು ಕಿವಿ ಮೇಲಿನ ಸೀಮೆಸುಣ್ಣ ತೆಗೆದು ಜೇಬಿಗೆ ಹಾಕ್ಕೊಂಡ್ರು. "ತಪ್ಪು ನಂದೇ. ಬರೆಯೋದು ಕಲಿಸಲಿಲ್ಲ. ಮುಂದಿನ ವರ್ಷ ಹಂಗಾಗಲ್ಲ" ಅಂದ್ರು.

"ಮತ್ತೆ ಈ ಮನೆ ಸುತ್ತೋದು?"

"ಬಿಟ್ಟೆ."

ಆವತ್ತಿಂದ ಬಿಟ್ರು. ವಾರ ವಾರ ಪರೀಕ್ಷೆ, ಕೆಂಪು ಶಾಯಿ, ಹತ್ತಕ್ಕೆ ನಾಲ್ಕು, ಹತ್ತಕ್ಕೆ ಆರು. ಬೇರೆ ಊರಿನ ಮೇಷ್ಟ್ರು ಹೆಂಗೋ ಹಂಗೇ. ಹೇಳ್ತೀನಿ ಕೇಳಿ, ಅವರು ಅದರಲ್ಲೂ ಚೆನ್ನಾಗಿದ್ರು. ಪ್ರಶ್ನೆಗೆ ಮೊದಲು ಏನು ಬರೀಬೇಕು, ಎಷ್ಟು ಬರೀಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಹೇಳ್ಕೊಟ್ರು. ಮುಂದಿನ ವರ್ಷದ ಹುಡುಗರು ಹೆಚ್ಚುಕಮ್ಮಿ ಎಲ್ಲ ಪಾಸಾದ್ರು. ಪಟೇಲರ ಮಗನೂ ಇನ್ನೊಂದ್ಸಲ ಕೂತು ಪಾಸಾದ. ಪಟೇಲರೇ ಚೆಂಡುಹೂವಿನ ಹಾರ ಹಾಕಿದ್ರು, ಕೈ ತಾಗದಂಗೆ ದೂರದಿಂದ. ಮೇಷ್ಟ್ರು ಹಾರ ಹಾಕ್ಕೊಂಡು ನಿಂತಿದ್ರು. ಯಾರದೋ ಹಾರ ತಪ್ಪಿ ತನಗೆ ಹಾಕಿದ್ದಾರೆ ಅನ್ನೋ ಥರ ನಿಂತಿದ್ರು.

ಫೇಲಾದಾಗ ನಂಗೂ ಇನ್ನೊಂದು ವರ್ಷ ಕೂತ್ಕೋ ಅಂತ ಹೇಳಿದ್ರು. "ನಿಂಗೆ ಬರುತ್ತೆ ಕಣೋ. ಬರೆಯೋದೊಂದು ಕಲಿತ್ರೆ ಆಯ್ತು" ಅಂದ್ರು. ನಮ್ಮಪ್ಪ ಕೇಳಲಿಲ್ಲ. ನನ್ನ ಶಿಡ್ಲಘಟ್ಟಕ್ಕೆ ರೇಷ್ಮೆ ನೂಲು ತೆಗೆಯೋ ಕೆಲಸಕ್ಕೆ ಹಾಕಿದ. ವಾರಕ್ಕೊಂದ್ಸಲ ಊರಿಗೆ ಬರ್ತಿದ್ದೆ. ಬಂದಾಗೆಲ್ಲ ಅವ್ವ ಒಂದೇ ಕೇಳೋಳು. "ಅಯ್ಯೋರು ಯಾಕೋ ಬರಲ್ಲ?"

"ಈಗ ಪರೀಕ್ಷೆ ಸ್ಕೂಲಲ್ಲೇ ಅವ್ವ."

"ಪರೀಕ್ಷೆ ಇಲ್ದಿದ್ರೆ ಬರಬಾರದಾ? ಹೋಗಿ ಕರ್ಕೊಂಡು ಬಾ."

ಹೋದೆ. ಮೇಷ್ಟ್ರು ಸ್ಕೂಲಿನ ಮೆಟ್ಟಿಲ ಮೇಲೆ ಕೂತಿದ್ರು. ಸಂಜೆ. ಮುಂದೆ ದನ ಹೋಗ್ತಿದ್ವು, ಧೂಳು. ಅವರು ಓದ್ತಿರಲಿಲ್ಲ, ಬರೀತಿರಲಿಲ್ಲ. ಸುಮ್ನೆ ಕೂತಿದ್ರು.

"ಅವ್ವ ಕರೀತಿದ್ದಾಳೆ ಮೇಷ್ಟ್ರೆ."

"ಯಾಕಪ್ಪ?"

"ಸುಮ್ನೆ."

ಯೋಚನೆ ಮಾಡಿದ್ರು. "ಸುಮ್ನೆ ಬಂದು ಏನು ಮಾಡ್ಲಿ? ಕೇಳಕ್ಕೆ ಏನೂ ಇಲ್ವಲ್ಲ" ಅಂದ್ರು. "ಅವ್ವಂಗೆ ಹೇಳು, ಚೆನ್ನಾಗಿದ್ದಾರೆ ಅಂತ."

ನಾನು ಬಲವಂತ ಮಾಡಲಿಲ್ಲ. ಅವ್ವ ಅದಾದ ಮುಂದಿನ ವರ್ಷ ತೀರ್ಕೊಂಡ್ಳು. ಮೇಷ್ಟ್ರಿಗೆ ಗೌರಿಬಿದನೂರಿನ ಕಡೆ ವರ್ಗ ಆಯ್ತು. ಹೋದ್ರು.

ಆಮೇಲೆ ಅವರನ್ನ ನಾನು ನೋಡಿದ್ದು ಒಂದೇ ಸಲ. ನಂಗೆ ಮದುವೆ ಆಗಿ ಶಿಡ್ಲಘಟ್ಟದಲ್ಲೇ ಒಂದು ಕೋಣೆ ಮಾಡಿದ್ದೆ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಡೆ ಬಂದ್ರೆ ಬೇವಿನ ಮರದ ಕೆಳಗೆ ಕೂತಿದ್ದಾರೆ. ಮುದುಕರಾಗಿಬಿಟ್ಟಿದ್ರು. ಕೋಟು ಅದೇ. ನನ್ನ ಗುರುತು ಹಿಡಿದ್ರು.

"ಯಾವ ಕಡೆ ಮೇಷ್ಟ್ರೆ?"

"ರಿಟೈರ್ ಆಯ್ತು. ಚಿಕ್ಕಬಳ್ಳಾಪುರದಲ್ಲಿ ಒಂದು ರೂಮಿದೆ. ಸುಮ್ನೆ ಬಂದೆ ಕಣೋ."

"ಇಲ್ಲಿ ಯಾರ ಮನೆಗೆ?"

"ಯಾರ ಮನೆಗೂ ಇಲ್ಲ. ಹಿಂಗೇ ಬಸ್ಸು ಹತ್ತುತೀನಿ. ಒಂದಿನ ಚಿಂತಾಮಣಿ, ಒಂದಿನ ಗೌರಿಬಿದನೂರು. ಸ್ವಲ್ಪ ಹೊತ್ತು ಕೂರ್ತೀನಿ, ವಾಪಸ್ಸು ಹೋಗ್ತೀನಿ. ಕಂಡಕ್ಟ್ರುಗಳೆಲ್ಲ ಗೊತ್ತು."

ನಂಗೆ ಜಾಸ್ತಿ ಮಾತಾಡಕ್ಕೆ ಬರಲ್ಲ. "ಮನೆಗೆ ಬನ್ನಿ" ಅಂದೆ. ಬೇಡ ಅಂದ್ರು. ಅವರ ಚೀಲ ಎತ್ಕೊಂಡು ನಡೆದೆ, ಹಿಂದೆ ಬಂದ್ರು.

ಬಾಗಿಲ ಹೊರಗೆ ಚರಂಡಿ ಪಕ್ಕ ನಿಂತ್ಬಿಟ್ರು. ನನ್ನ ಹೆಂಡ್ತಿ ಚಿಂತಾಮಣಿಯೋಳು, ಇವರು ಯಾರು ಏನು ಅವಳಿಗೆ ಗೊತ್ತಿಲ್ಲ. "ಅಲ್ಲ್ಯಾಕೆ ನಿಂತ್ರಿ ಸ್ವಾಮಿ, ಸುಡೋ ಬಿಸಿಲು, ಒಳಗೆ ಬನ್ನಿ" ಅಂದ್ಲು. ಅವರು ನನ್ನ ನೋಡಿದ್ರು. ನಾನು ಚಾಪೆ ಹಾಸಿದೆ. ಒಳಗೆ ಬಂದು ಕೂತ್ರು. ಕಾಫಿ ಕುಡಿದ್ರು, ಲೋಟ ಎರಡೂ ಕೈಯಲ್ಲಿ ಹಿಡ್ಕೊಂಡು.

ಲೋಟ ಕೆಳಗಿಟ್ಟು ಕೆಮ್ಮಿದ್ರು.

"ತಾಯಿ, ನಿನ್ನ ಗಂಡ ಏನು ಕೆಲಸ ಮಾಡ್ತಾನೆ?"

"ರೇಷ್ಮೆ ಕೆಲಸ."

"ಅದು ಗೊತ್ತು. ಗೂಡಿಂದ ನೂಲು ಹೆಂಗೆ ಬರುತ್ತೆ? ಹೇಳು ನೋಡಣ."

ಅವಳು ನನ್ನ ಕಡೆ ನೋಡಿ, ಸೆರಗು ಬಾಯಿಗೆ ಇಟ್ಕೊಂಡ್ಳು. ಆಮೇಲೆ ಹೇಳೇಬಿಟ್ಳು. "ನಂಗೇನು ಗೊತ್ತು ಸ್ವಾಮಿ. ಇವರು ಹೇಳಿದ್ರೆ ತಾನೆ. ಬರ್ತಾರೆ, ಉಣ್ತಾರೆ, ಗೋಡೆ ಕಡೆ ತಿರುಗಿ ಮಲಗ್ತಾರೆ. ನಾನು ದಿನಾ ಇಲ್ಲಿ ಒಬ್ಬಳೇ. ಈ ಮನೇಲಿ ಮಾತು ಅಂತ ಕೇಳಿ ಎಷ್ಟು ದಿನ ಆಯ್ತೋ."

ನಂಗೆ ಮುಖ ಎಲ್ಲಿಟ್ಕೊಳ್ಳಬೇಕೋ ಗೊತ್ತಾಗಲಿಲ್ಲ. ಮೇಷ್ಟ್ರು ನಗಲಿಲ್ಲ. ನನ್ನ ಬೈಲೂ ಇಲ್ಲ. ಅವಳನ್ನೇ ನೋಡ್ತಿದ್ರು, ಅವಳು ಹೇಳಿದ್ದು ಪೂರ್ತಿ ಅರ್ಥ ಆದಂಗೆ. "ಹೌದಮ್ಮ. ಒಬ್ಬರೇ ಇದ್ರೆ ದಿನ ಬಹಳ ಉದ್ದ" ಅಂದ್ರು. ನನ್ನ ಕಡೆ ತಿರುಗಿ, "ಹೇಳ್ಕೊಡೋ. ಮುಂದಿನ ಸಲ ಬಂದಾಗ ಕೇಳ್ತೀನಿ" ಅಂದ್ರು. ಸಂಜೆ ಬಸ್ಸಿಗೆ ಹತ್ತಿಸಿ ಬಂದೆ.

ಆವತ್ತು ಹೆಂಡ್ತಿ ಕೇಳಿದ್ಲು, ಯಾರು ಅವರು ಅಂತ. ಹೇಳ್ದೆ. ಅವ್ವನ ವಿಚಾರ ಹೇಳ್ದೆ, ಎಲ್ಲರೂ ಫೇಲಾಗಿದ್ದು ಹೇಳ್ದೆ. ಅವಳು ನಕ್ಕಳು. ನಾನು ಅವಳ ಹತ್ರ ಅಷ್ಟು ಮಾತಾಡಿದ್ದು ಅದೇ ಮೊದಲು. ಮಾರನೇ ದಿನ ಕೆಲಸದಿಂದ ಬರೋವಾಗ ಜೇಬಲ್ಲಿ ನಾಲ್ಕಾರು ಗೂಡು ಹಾಕ್ಕೊಂಡು ಬಂದೆ. ಪಾತ್ರೇಲಿ ನೀರು ಕುದಿಸಿ, ಗೂಡು ಹಾಕಿ, ಕಡ್ಡೀಲಿ ತಿರುಗಿಸಿ, ಎಳೆಯ ತುದಿ ಹೆಂಗೆ ಹಿಡಿಯೋದು ತೋರಿಸಿದೆ. ಅವಳ ಕೈ ಸುಟ್ಟಿತು. ಇನ್ನೊಂದ್ಸಲ ಮಾಡಿದ್ಲು. "ಒಂದು ಗೂಡಿನ ಎಳೆ ಸಾಕಾ? ಎಷ್ಟು ಗೂಡು ಸೇರಬೇಕು? ಮಧ್ಯದಲ್ಲಿ ತುಂಡಾದ್ರೆ?" ಅಂತ ಕೇಳಿದ್ಲು. ಕೆಲವಕ್ಕೆ ನಂಗೇ ಉತ್ತರ ಗೊತ್ತಿರಲಿಲ್ಲ. ಕೆಲಸದ ಹತ್ರ ಹಳಬರನ್ನ ಕೇಳ್ಕೊಂಡು ಬಂದು ಹೇಳ್ದೆ. ಆಮೇಲಾಮೇಲೆ ಅವಳು ದಿನಾ ಏನಾದ್ರೂ ಕೇಳೋಳು. ನಾನು ಗೋಡೆ ಕಡೆ ತಿರುಗೋದು ಕಮ್ಮಿ ಆಯ್ತು.

"ಎಲ್ಲ ಬಂತು ನಂಗೆ. ಬರ್ತಾರಾ ಅವರು?" ಅಂತ ಕೇಳ್ತಿದ್ಲು. "ಬರ್ತಾರೆ" ಅಂತಿದ್ದೆ. ಚಿಕ್ಕಬಳ್ಳಾಪುರದ ಬಸ್ಸಿನ ಹೊತ್ತಿಗೆ ಅವಳು ಬಾಗಿಲು ತೆಗೆದಿಡೋಳು. ನಾನೇ ಹೋಗಿ ಕರ್ಕೊಂಡು ಬರಬೇಕು ಅಂದ್ಕೊಂಡೆ. ಚಿಕ್ಕಬಳ್ಳಾಪುರ ಏನು ದೂರ? ಇವತ್ತು ನಾಳೆ ಅಂತ ಕೆಲಸದಲ್ಲಿ ಹಂಗೇ ಆಯ್ತು.

ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಒಬ್ಬ ಕಂಡಕ್ಟ್ರು ಸಿಕ್ಕಿದ. "ಆ ಕೋಟಿನ ಮೇಷ್ಟ್ರು ಹೋದ್ರಪ್ಪ. ರೂಮಿನ ಬಾಗಿಲು ತೆಗೀದಿದ್ದು ನೋಡಿ ಪಕ್ಕದೋರು ಒಡೆದ್ರಂತೆ. ಮಣ್ಣು ಮಾಡಿ ಆಗಿದೆ" ಅಂದ. ಯಾರು ಬಂದಿದ್ರು ಅಂತ ಕೇಳ್ದೆ. "ಯಾರು ಬರ್ತಾರೆ? ನಾವೇ ಕಂಡಕ್ಟ್ರುಗಳು ಒಂದಿಬ್ಬರು" ಅಂದ. ಅವನ ಬಸ್ಸು ಹೊರಟಿತು.

ಮನೆಗೆ ಬಂದು ಹೆಂಡ್ತಿಗೆ ಹೇಳ್ದೆ. ಅವಳು ರಾಗಿ ಕೇರ್ತಿದ್ಲು. ಮೊರ ಕೆಳಗಿಟ್ಳು.

"ಇನ್ನು ನನ್ನ ಯಾರು ಕೇಳ್ತಾರೆ?" ಅಂದ್ಲು.